ಮಾಡೆಲ್ ಟಿ ಕಾರಿನ ಮರದ ಚಕ್ರ: ಯಾವ ಟೂಲ್ ಹುಡುಕಬೇಕು, ಯಾವುದು ಮಾಡಿಸಿಕೊಳ್ಳಬೇಕು

ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಹಿಕರಿ ಮರದ 12 ಸ್ಪೋಕ್‌ಗಳ ಚಕ್ರ. ಇಂಥ ಕಾರು ನಿಮ್ಮ ಶೆಡ್ಡಿನಲ್ಲಿದ್ದರೆ ಎಂಜಿನ್‌ಗಿಂತ ಮೊದಲು ಚಕ್ರ ನೋಡಿ. ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಿರುಗುಟ್ಟಿದರೆ, ಸ್ಪೋಕ್ ಬುಡದಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ ಮರ ಸಡಿಲವಾಗಿದೆ. ನೀರಲ್ಲಿ ನೆನೆಸಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ನೆನೆದಾಗ ಬಿಗಿಯಾಗುವುದು ನಿಜ, ಆದರೆ ಒಣಗಿದ ಮೇಲೆ ಮತ್ತೆ ಸಡಿಲವೇ. ಅಂಥ ಚಕ್ರದಲ್ಲಿ ರಸ್ತೆಗಿಳಿಯಬೇಡಿ. ಚಕ್ರ ಬಿಚ್ಚಿ ಹೊಸ ಸ್ಪೋಕ್ ಹಾಕಬೇಕು, ಅದಕ್ಕೆ ಬೇಕಾದ ಮೂರು ಟೂಲ್ ಇಲ್ಲಿವೆ.

ಪುಲ್ಲರ್: ಹುಡುಕಿ ತನ್ನಿ

ಹಿಂದಿನ ಚಕ್ರದ ಹಬ್ (ನಡುವಿನ ಗುಂಬ), ಆಕ್ಸಲ್‌ನ ಟೇಪರ್ (ತುದಿಯತ್ತ ಸಣ್ಣದಾಗುವ ಭಾಗ) ಮೇಲೆ ಕಚ್ಚಿ ಕೂತಿರುತ್ತದೆ. ಸುಮ್ನೆ ಎಳೆದರೆ ಬರುವುದಿಲ್ಲ. ಆಕ್ಸಲ್ ತುದಿಗೆ ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಹಾಳು, ಒಳಗಿನ ಭಾಗಗಳಿಗೂ ಪೆಟ್ಟು. ಇದಕ್ಕೆಂದೇ ಇರುವ ಪುಲ್ಲರ್, ಹಬ್ ಕ್ಯಾಪ್ ಕೂರುವ ಥ್ರೆಡ್‌ಗೇ ತಿರುಗಿ ಕೂರುತ್ತದೆ. ನಡುವಿನ ಬೋಲ್ಟ್ ಆಕ್ಸಲ್ ತುದಿಯನ್ನು ಒತ್ತುತ್ತದೆ.

ಹಳೆಯದೇ ಬೇಕಿದ್ದರೆ ಅಮೆರಿಕದ ಬಫಲೋ ನಗರದ ಕೆ.ಆರ್. ವಿಲ್ಸನ್ ಕಂಪನಿಯ ಟೂಲ್‌ಗಳನ್ನು ಹುಡುಕಿ. ಫೋರ್ಡ್ ಗ್ಯಾರೇಜುಗಳಿಗಾಗಿಯೇ ಮಾಡಿದವು ಅವು. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಬ್ಯೂಲಿಯಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಹಳೇ ಬಿಡಿಭಾಗಗಳ ಸಂತೆಗಳಲ್ಲಿ ಇಂಥ ಸಾಮಾನು ಸಿಗುತ್ತದೆ. ಹೊಸದಾಗಿ ಮಾಡಿದ ಪುಲ್ಲರ್‌ಗಳೂ ಇವೆ. ಕೊಳ್ಳುವ ಮೊದಲು ಒಳಗಿನ ಥ್ರೆಡ್ ಮೇಲೆ ಬೆರಳಾಡಿಸಿ ನೋಡಿ. ಸವೆದಿದ್ದರೆ ಬೇಡ, ನಿಮ್ಮ ಹಬ್‌ನ ಥ್ರೆಡ್ಡನ್ನೂ ಕಿತ್ತುಹಾಕುತ್ತದೆ. ಲೇತ್ ಅಂಗಡಿಯಲ್ಲಿ ಮಾಡಿಸುವುದಾದರೆ ಅಳತೆ ಬರೆದುಕೊಂಡು ಹೋಗಬೇಡಿ, ಹಬ್ ಕ್ಯಾಪನ್ನೇ ಕೊಡಿ.

ಬಿಚ್ಚುವಾಗ ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ತುದಿಯ ಮಟ್ಟಕ್ಕೆ ಬಿಡಿ. ಥ್ರೆಡ್ ಉಳಿಯುತ್ತದೆ, ಚಕ್ರ ತಟ್ಟನೆ ಎಗರುವುದಿಲ್ಲ. ಬೋಲ್ಟ್ ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಬಿಗಿ ಮಾಡಿ. ಅವಸರ ಬೇಡ.

ಸ್ಪೋಕ್ ಪ್ರೆಸ್: ಮಾಡಿಕೊಳ್ಳಿ

ನಮ್ಮ ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿ ಬರುವುದು ಕಾಯಿಸಿ ಹಾಕಿದ ಕಬ್ಬಿಣದ ಪಟ್ಟಿ ತಣಿದು ಕುಗ್ಗಿದಾಗ. ಉಕ್ಕಿನ ಹೊರಬಳೆ ಇರುವ ಮಾಡೆಲ್ ಟಿ ಚಕ್ರದಲ್ಲಿ ಹಾಗಲ್ಲ. ಬಳೆಯ ತೂತುಗಳಿಗೆ 12 ಸ್ಪೋಕ್‌ಗಳ ತುದಿ ಸೇರಿಸಿದಾಗ ಅವು ನಡುವೆ ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ಆ ಗುಡಾರವನ್ನು ಒತ್ತಿ ಚಪ್ಪಟೆ ಮಾಡಿದಾಗ ಬುಡಗಳು ಒಂದಕ್ಕೊಂದು ಅದುಮಿಕೊಳ್ಳುತ್ತವೆ. ಚಕ್ರದ ಶಕ್ತಿಯೆಲ್ಲ ಇರುವುದು ಆ ಅದುಮುವಿಕೆಯಲ್ಲೇ. ಕೈಯಲ್ಲಿ ಒತ್ತಿದರೇ ಚಪ್ಪಟೆಯಾಯಿತೋ, ಆ ಸ್ಪೋಕ್‌ಗಳು ಕೆಲಸಕ್ಕೆ ಬಾರವು.

ಪ್ರೆಸ್‌ಗೆ ಬೇಕಾದದ್ದು ಪ್ಲಸ್ ಆಕಾರದಲ್ಲಿ ವೆಲ್ಡ್ ಮಾಡಿದ ದಪ್ಪ ಸಿ ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ), ನಡುವಿನ ತೂತಿನಲ್ಲಿ ಮುಕ್ಕಾಲು ಇಂಚಿನ ಗಟ್ಟಿ ಥ್ರೆಡ್ ರಾಡ್, ಮೇಲೊಂದು ದಪ್ಪ ಗುಂಡು ಪ್ಲೇಟ್, ಎರಡು ನಟ್. ಬಳೆಯನ್ನು ಚಾನೆಲ್ ಮೇಲೆ ಸಮವಾಗಿ ಇಡಿ. ಸ್ಪೋಕ್‌ಗಳು ಚಪ್ಪಟೆಯಾಗುವ ಮಟ್ಟದಲ್ಲಿ ನಿಲ್ಲುವಂತೆ ಅವುಗಳ ಕೆಳಗೆ, ರಾಡ್ ಸುತ್ತ, ಪೈಪಿನ ತುಂಡೊಂದನ್ನು ಇಡಿ. ಇದಿಲ್ಲದಿದ್ದರೆ ಗುಡಾರ ಆ ಕಡೆಗೆ ಮಗುಚಿಕೊಳ್ಳಬಹುದು. ರಾಡ್‌ಗೆ ಗ್ರೀಸ್ ಹಚ್ಚಿ. ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಪ್ರತಿ ಸ್ಪೋಕ್ ತನ್ನ ತೂತಿಗೆ ನೇರವಾಗಿ ಇಳಿಯುತ್ತಿದೆಯಾ ನೋಡಿ. ವಾರೆಯಾದದ್ದನ್ನು ಮರದ ಸುತ್ತಿಗೆಯಿಂದ ತಟ್ಟಿ ಸರಿಪಡಿಸಿ. ಮರ ಚಟಚಟ ಅನ್ನುತ್ತದೆ, ಹೆದರಬೇಡಿ. ಆದರೆ ಮುಖವನ್ನು ಚಕ್ರದ ಮೇಲೆ ಬಾಗಿಸಬೇಡಿ, ಕನ್ನಡಕ ಹಾಕಿಕೊಳ್ಳಿ. ಹಬ್ ಬೋಲ್ಟ್‌ಗಳ ಆರು ತೂತುಗಳನ್ನು ಒತ್ತಿದ ಮೇಲೆ, ಹಬ್ಬನ್ನೇ ಅಳತೆಗಿಟ್ಟುಕೊಂಡು ಕೊರೆಯಿರಿ.

ಓರೆ ನೋಡುವ ಸ್ಟ್ಯಾಂಡ್

ಚಕ್ರ ಓಲಾಡದೆ ನೇರವಾಗಿ ತಿರುಗುತ್ತದೆಯಾ ಎಂದು ನೋಡುವ ಇದಕ್ಕೆ ಖರ್ಚೇ ಇಲ್ಲ. ಮುಂದಿನ ಚಕ್ರವಾದರೆ ಹಳೆಯ ಸ್ಪಿಂಡಲ್ (ಚಕ್ರ ತಿರುಗುವ ಅಚ್ಚು) ಒಂದನ್ನು ವೈಸ್‌ಗೆ ಕಚ್ಚಿಸಿ, ಬೇರಿಂಗ್ ಸಮೇತ ಚಕ್ರ ಕೂರಿಸಿ. ಮರದ ತುಂಡಿಗೆ ಮೊಳೆ ಹೊಡೆದು, ಮೊಳೆಯ ತುದಿ ರಿಮ್ಮಿಗೆ ತಾಗುವಷ್ಟು ಹತ್ತಿರ ಇಡಿ. ಚಕ್ರ ತಿರುಗಿಸಿ, ತಾಗಿದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಓರೆ 2 ಮಿ.ಮೀ. ಒಳಗಿದ್ದರೆ ನನಗೆ ಸಾಕು. ಜಾಸ್ತಿ ಇದ್ದರೆ ಹಬ್ ಬೋಲ್ಟ್ ಸಡಿಲಿಸಿ, ಗುರುತು ನೋಡಿಕೊಂಡು ಹಬ್ ಮತ್ತು ಸ್ಪೋಕ್ ನಡುವೆ ತೆಳು ರಟ್ಟಿನ ತುಂಡು ಕೊಟ್ಟು ಮತ್ತೆ ಬಿಗಿ ಮಾಡಿ.

ಬೋಲ್ಟ್ ತುದಿಗಳನ್ನು ನಟ್ ಮೇಲೆ ಬಡಿದು ಮಡಿಸುವುದು ಇಷ್ಟೆಲ್ಲ ಆದ ಮೇಲೆಯೇ. ಹಿಂದಿನ ಆಕ್ಸಲ್ ನಟ್ಟನ್ನು ಮೊದಲ ಸಣ್ಣ ಓಟದ ನಂತರ ಇನ್ನೊಮ್ಮೆ ಬಿಗಿದು, ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ.