ದಪ್ಪ ಚರ್ಮದಲ್ಲಿ ಹೊಲಿಗೆ ಬಿಟ್ಟರೆ ನಾನು ಮೊದಲು ನೋಡುವುದು ಟೈಮಿಂಗ್ ಅಲ್ಲ

ಉಡುಪಿಯಲ್ಲಿ ನನ್ನದೊಂದು ಸಣ್ಣ ಚರ್ಮದ ಕೆಲಸದ ಅಂಗಡಿ. ನಾಯಿ ಬೆಲ್ಟು, ಸೊಂಟದ ಬೆಲ್ಟು, ಗೆಜ್ಜೆ ಕಟ್ಟುವ ಪಟ್ಟಿ, ಬ್ಯಾಗಿನ ಹಿಡಿ, ಬೈಕಿನ ಪಕ್ಕಕ್ಕೆ ತೂಗುವ ಚೀಲ, ಹೀಗೆ ದಪ್ಪ ಚರ್ಮದ ಕೆಲಸವೇ ಜಾಸ್ತಿ. ಚರ್ಮ ಬರುವುದು ತಮಿಳುನಾಡಿನ ಆಂಬೂರು, ರಾಣಿಪೇಟೆ ಕಡೆಯಿಂದ. ಮೆಷಿನ್ ಎರಡು. ಒಂದು ಚಪ್ಪಟೆ ಮೇಜಿನ ವಾಕಿಂಗ್ ಫೂಟ್, ಅಂದರೆ ಚರ್ಮ ಒತ್ತುವ ಪಾದವೂ ಸೂಜಿಯೂ ಚರ್ಮದ ಜೊತೆಗೇ ಸಾಗುವಂಥದ್ದು. ಇನ್ನೊಂದು 441 ಮಾದರಿಯ ಭಾರೀ ಮೆಷಿನ್, ಕೊಳವೆಯಂಥ ಉದ್ದ ಕೈ ಇರುವಂಥದ್ದು. ಈ ಎರಡರಲ್ಲೂ ನನಗೆ ಜಾಸ್ತಿ ತಲೆ ತಿಂದ ತೊಂದರೆ ಒಂದೇ. ಹೊಲಿಗೆ ಬಿಡುವುದು, ಅಂದರೆ ಸೂಜಿ ತೂತು ಮಾಡಿದರೂ ಅಲ್ಲಿ ಹೊಲಿಗೆ ಬೀಳದೆ ತಪ್ಪುವುದು. ಬಟ್ಟೆಯಲ್ಲಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮದಲ್ಲಿ ಒಮ್ಮೆ ಬಿದ್ದ ತೂತು ಬಿದ್ದದ್ದೇ.

ಮಂಗಳೂರು ಕಡೆಯ ಸೀಟು ಕುಶನ್ ಕೆಲಸದವರು ಕೆಲವರು ಪರಿಚಯ. ಅವರ ಫೋನು ಬಂದರೆ ಮಾತು ಶುರುವಾಗುವುದೇ ಹೀಗೆ: "ಅಣ್ಣ, ಟೈಮಿಂಗ್ ಹೋಗಿದೆ. ಒಮ್ಮೆ ಬಂದು ಸೆಟ್ ಮಾಡಿ ಕೊಡ್ತೀರಾ?" ಟೈಮಿಂಗ್ ಅಂದರೆ ಸೂಜಿ ಏಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಹುಕ್ಕು, ಅಂದರೆ ನೂಲು ಹಿಡಿಯುವ ಕೊಕ್ಕೆ, ಬಂದು ಸೇರುವ ಹೊಂದಾಣಿಕೆ. ನಾನು ಕೇಳುವುದು ಒಂದೇ. "ಎಲ್ಲಿ ಬಿಡ್ತದೆ ಹೇಳಿ ಮಾರಾಯ್ರೆ. ಎಲ್ಲ ಕಡೆಯಾ, ದಪ್ಪ ಬಂದಲ್ಲಿ ಮಾತ್ರವಾ?" ಅರ್ಧ ಕೆಲಸ ಆ ಉತ್ತರದಲ್ಲೇ ಮುಗಿಯುತ್ತದೆ. ತೆಳು ದಪ್ಪ ಎನ್ನದೆ ಎಲ್ಲ ಕಡೆ ಬಿಟ್ಟರೆ ಸೂಜಿ ಅಥವಾ ಟೈಮಿಂಗ್. ಮಡಚಿದ ಜಾಗದಲ್ಲಿ ಮಾತ್ರ ಬಿಟ್ಟರೆ ಪಾದದ ಒತ್ತಡ. ಮೂಲೆ ತಿರುಗಿಸಿದ ಕೂಡಲೇ ಒಂದು ಹೊಲಿಗೆ ಬಿಟ್ಟರೆ ಮೆಷಿನ್ ಸರಿಯೇ ಇದೆ, ತಿರುಗಿಸುವ ರೀತಿ ಸರಿಯಿಲ್ಲ. ಚೆನ್ನಾಗಿ ಹೊಲಿಯುತ್ತಿದ್ದ ಮೆಷಿನ್ ಏನೂ ತಾಗದೆ ಸುಮ್ನೆ ಟೈಮಿಂಗ್ ಬಿಟ್ಟದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಆದರೆ ಎಲ್ಲರೂ ಮೊದಲು ಸಡಿಲ ಮಾಡುವುದು ಟೈಮಿಂಗಿನ ಸ್ಕ್ರೂವನ್ನೇ. ಆಮೇಲೆ ಒಂದು ತೊಂದರೆ ಇದ್ದಲ್ಲಿ ಎರಡಾಗುತ್ತದೆ.

ಹೊಲಿಗೆ ಯಾಕೆ ಬಿಡುತ್ತದೆ ಅಂತ ತಿಳಿಯಬೇಕಾದರೆ ಕುಣಿಕೆ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು. ಸೂಜಿ ಪೂರ್ತಿ ಕೆಳಗೆ ಹೋಗಿ ಮೇಲೆ ಬರಲು ಶುರು ಮಾಡುತ್ತದೆ. ಅದರ ಒಂದು ಬದಿಯಲ್ಲಿ ಉದ್ದ ತೋಡಿನಂತೆ ಕೊರೆದಿರುತ್ತಾರೆ. ಆ ಬದಿಯ ನೂಲು ತೋಡಿನಲ್ಲಿ ಕೂತು ಸಲೀಸಾಗಿ ಜಾರುತ್ತದೆ. ಇನ್ನೊಂದು ಬದಿಯ ನೂಲನ್ನು ಚರ್ಮ ಬಿಗಿಯಾಗಿ ಹಿಡಿದಿಡುತ್ತದೆ. ಸೂಜಿ ಮೇಲೆ ಬರುತ್ತದೆ, ಆ ಬದಿಯ ನೂಲು ಬರುವುದಿಲ್ಲ. ಹಾಗಾಗಿ ಕಣ್ಣಿನ ಹತ್ತಿರ ನೂಲು ಸಣ್ಣ ಕುಣಿಕೆಯಾಗಿ ಹೊರಗೆ ಉಬ್ಬುತ್ತದೆ. ಅದೇ ಹೊತ್ತಿಗೆ ಹುಕ್ಕಿನ ಮೂತಿ ಬಂದು ಕುಣಿಕೆಯೊಳಗೆ ನುಗ್ಗಬೇಕು. ಕುಣಿಕೆ ಸಣ್ಣದಾದರೆ, ವಾರೆಯಾದರೆ, ಅಥವಾ ಹುಟ್ಟದೇ ಹೋದರೆ ಹುಕ್ಕು ಖಾಲಿ ದಾಟಿ ಹೋಗುತ್ತದೆ, ಆ ಹೊಲಿಗೆ ಬಿಡುತ್ತದೆ. ಇಡೀ ಕತೆ ಇಷ್ಟೇ. ಮುಂದೆ ಹೇಳುವುದೆಲ್ಲ ಈ ಕುಣಿಕೆಯನ್ನು ಕೆಡಿಸುವ ಕಾರಣಗಳು.

ನಾಯಿ ಬೆಲ್ಟಿನ ಬಕಲ್ ಕೂರುವ ತುದಿಯನ್ನು ತೆಗೆದುಕೊಳ್ಳಿ. 4 ಮಿಲಿಮೀಟರಿನ ಚರ್ಮವನ್ನು ಬಕಲ್ಲಿಗೆ ಸುತ್ತಿ ಮಡಚಿ, ಒಳಗೊಂದು ಪಟ್ಟಿ ಕೊಟ್ಟರೆ ದಪ್ಪ 10 ಮಿಲಿಮೀಟರ್ ದಾಟುತ್ತದೆ. ನೇರ ಪಟ್ಟಿಯ ಮೇಲೆ ಹೊಲಿಗೆ ಚೆಂದಕ್ಕೆ ಬರುತ್ತಿತ್ತು. ಮಡಿಕೆ ಹತ್ತುವಲ್ಲಿ ಬಿಡುತ್ತಿತ್ತು. ಮೋಟಾರ್ ಬಂದ್ ಮಾಡಿ, ಬಿಡುವ ಜಾಗಕ್ಕೇ ತಂದು, ಮೊಬೈಲ್ ಟಾರ್ಚ್ ಹಿಡಿದು, ವೀಲನ್ನು ಕೈಯಿಂದ ನಿಧಾನ ತಿರುಗಿಸಿದೆ. ಸೂಜಿ ಇಳಿಯಿತು, ತಳ ಮುಟ್ಟಿತು. ಮೇಲೆ ಏಳುವಾಗ ಚರ್ಮವೂ ಅದಕ್ಕೆ ಅಂಟಿಕೊಂಡು ಒಂದಿಷ್ಟು ಮೇಲೆದ್ದಿತು, ಕಾವಲಿಯಿಂದ ನೀರುದೋಸೆಯ ಅಂಚು ಎದ್ದ ಹಾಗೆ. ಕೆಳಗಿನ ಪ್ಲೇಟಿಗೂ ಚರ್ಮಕ್ಕೂ ನಡುವೆ ಬೆಳಕು ಕಂಡಿತು. ಚರ್ಮ ಸೂಜಿಯ ಜೊತೆಗೇ ಎದ್ದರೆ ನೂಲೂ ಜೊತೆಗೇ ಏಳುತ್ತದೆ. ಉಬ್ಬುವುದಕ್ಕೆ ಏನೂ ಉಳಿಯುವುದಿಲ್ಲ. ಹುಕ್ಕು ಬಂದಾಗ ಅಲ್ಲಿ ಕುಣಿಕೆಯೇ ಇರಲಿಲ್ಲ. ಮುಂದಿನ ಹೊಲಿಗೆಯಲ್ಲಿ ಚರ್ಮ ಬೇಗ ಕೂತಿತು, ಕುಣಿಕೆ ಬಂತು, ಹುಕ್ಕು ಹಿಡಿಯಿತು. ಒಂದು ಬಿಟ್ಟು ಒಂದು ಹಿಡಿಯುವುದಕ್ಕೆ ಕಾರಣ ಕಣ್ಣೆದುರೇ ಇತ್ತು.

ಹೀಗಾಗುವುದು ಪಾದ ಮೆಟ್ಟಿಲು ಹತ್ತುವಾಗ. ಪಾದದ ಮುಂದಿನ ಭಾಗ ದಪ್ಪದ ಮೇಲೆ, ಹಿಂದಿನ ಭಾಗ ಗಾಳಿಯಲ್ಲಿ. ಸೂಜಿಯ ಪಕ್ಕದಲ್ಲಿ ಚರ್ಮವನ್ನು ಒತ್ತಿ ಹಿಡಿಯುವವರೇ ಇಲ್ಲ. ಮೇಲಿಂದ ಇಳಿಜಾರಿಗೆ ತಾಗಿದ ಸೂಜಿ ಬೇರೆ ಬಾಗುತ್ತದೆ. ನಾನು ಅದೇ ಚರ್ಮದ ತುಂಡನ್ನು, ಅದೇ ಎತ್ತರಕ್ಕೆ, ಪಾದದ ಹಿಂಬದಿಯ ಅಡಿಗೆ ಕೊಡುತ್ತೇನೆ. ಪಾದ ಮಟ್ಟವಾಗುತ್ತದೆ. ಮಡಿಕೆಯ ತುದಿಯನ್ನು ರಂಪಿಯಿಂದ ಇಳಿಜಾರಾಗಿ ಕೆತ್ತಿ ತೆಳು ಮಾಡುತ್ತೇನೆ. ಆಮೇಲೆ ಪಾದದ ಸ್ಪ್ರಿಂಗಿನ ಸ್ಕ್ರೂ ಬಿಗಿ ಮಾಡುತ್ತೇನೆ, ಚರ್ಮ ಏಳುವುದು ನಿಲ್ಲುವವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಬಿಗಿ ಮಾಡಿದರೆ ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮದ ಮೇಲೆ ಪಾದದ ಅಚ್ಚು ಬೀಳುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಪ್ಲೇಟಿನ ತೂತನ್ನೂ ನೋಡಿ. ದಪ್ಪ ಸೂಜಿಗೆಂದು ಇರುವ ಅಗಲ ತೂತಿನ ಮೇಲೆ ಮೆತ್ತನೆಯ ಚರ್ಮ ಹೊಲಿದರೆ ಚರ್ಮ ಸೂಜಿಯ ಜೊತೆ ತೂತಿನೊಳಗೆ ಇಳಿಯುತ್ತದೆ, ಮತ್ತೆ ಜೊತೆಗೇ ಏಳುತ್ತದೆ. ಆಗ ಸಣ್ಣ ತೂತಿನ ಪ್ಲೇಟೇ ಬೇಕು.

ಇನ್ನು ಸೂಜಿ. ಹೊಲಿಗೆ ಬಿಟ್ಟ ಕೂಡಲೇ ನಾನು ಯೋಚನೆ ಮಾಡದೆ ಮಾಡುವ ಕೆಲಸ ಸೂಜಿ ಬದಲಿಸುವುದು. ಕಣ್ಣಿಗೆ ನೆಟ್ಟಗೆ ಕಂಡ ಸೂಜಿಯನ್ನು ಗಾಜಿನ ಮೇಲೆ ಉರುಳಿಸಿದರೆ ತುದಿ ಅಲ್ಲಾಡುವುದು ಗೊತ್ತಾಗುತ್ತದೆ. ಹಾಕುವಾಗ ಸೂಜಿಯ ಹಿಂಬದಿಯ ತಗ್ಗು, ಅಂದರೆ ಉದ್ದ ತೋಡಿನ ಎದುರು ಬದಿಯಲ್ಲಿ ಕಣ್ಣಿನ ಮೇಲೆ ಕೊರೆದ ಜಾಗ, ಸರಿಯಾಗಿ ಹುಕ್ಕಿನ ಕಡೆಗೇ ಇರಬೇಕು, ಮೇಲಕ್ಕೆ ಪೂರ್ತಿ ತಾಗಬೇಕು. ಈ ಮೆಷಿನ್ನುಗಳ ಸೂಜಿಯ ಬುಡ ಪೂರ್ತಿ ದುಂಡು. ಮನೆ ಮೆಷಿನ್ನಿನ ಸೂಜಿಯ ಹಾಗೆ ಒಂದು ಬದಿ ಚಪ್ಪಟೆ ಇಲ್ಲ. ಹಾಗಾಗಿ ಒಂದಿಷ್ಟು ತಿರುಗಿ ಕೂರುವುದು ಸುಲಭ. ಜಾತಿಯೂ ಮುಖ್ಯ. 441ಕ್ಕೆ 794 ಜಾತಿಯ ಸೂಜಿ. ವಾಕಿಂಗ್ ಫೂಟಿಗೆ 135×16 ಅಥವಾ 135×17. 16 ಚರ್ಮ ಕೊಯ್ಯುವ ಮೊನೆಯದು, 17 ಬಟ್ಟೆ, ರೆಕ್ಸಿನ್‌ಗೆ ದುಂಡು ಮೊನೆಯದು. ಅಂಗಡಿಯಲ್ಲಿ ಇದು ಸಿಗದೆ 135×5 ಕೊಟ್ಟರೆ ಅದೂ ಹಿಡಿಯಲ್ಲಿ ಕೂರುತ್ತದೆ, ಬುಡದ ದಪ್ಪ ಒಂದೇ. ಆದರೆ ಉದ್ದ ಕಡಿಮೆ. ಕಣ್ಣು ಹುಕ್ಕಿನವರೆಗೆ ತಲುಪುವುದೇ ಇಲ್ಲ. ಸುರತ್ಕಲ್ಲಿನ ಒಬ್ಬರ "ಟೈಮಿಂಗ್ ಹೋದ" ಮೆಷಿನ್ನಿನಲ್ಲಿ ಇದ್ದ ತೊಂದರೆ ಇದೇ. ಸೂಜಿ ಬದಲಿಸಿದೆವು, ಬೇರೆ ಒಂದು ಸ್ಕ್ರೂ ಮುಟ್ಟಲಿಲ್ಲ.

ನಂಬರ್ ಆಯ್ಕೆಗೆ ನೂಲು ನೋಡಬೇಕು. ನೂಲಿನ ಟಿಕೆಟ್ ನಂಬರ್ ಸಣ್ಣದಾದಷ್ಟು ನೂಲು ದಪ್ಪ. ಬಾಂಡೆಡ್ ನೈಲಾನಿನಲ್ಲಿ, ಅಂದರೆ ಎಳೆ ಬಿಚ್ಚದಂತೆ ಅಂಟು ಹಿಡಿಸಿದ ನೈಲಾನ್ ನೂಲಿನಲ್ಲಿ, 40 ನಂಬರಿಗೆ ನಾನು 18ರ ಸೂಜಿ ಹಾಕುತ್ತೇನೆ. 20 ನಂಬರಿಗೆ 22 ಅಥವಾ 23. 13 ನಂಬರಿಗೆ 24 ಅಥವಾ 25. ಚರ್ಮ ಗಟ್ಟಿಯಾದಷ್ಟು ದೊಡ್ಡದರ ಕಡೆಗೆ ವಾಲುತ್ತೇನೆ. ಸೂಜಿ ಸಣ್ಣದಾದರೆ ನೂಲು ತೋಡಿನಲ್ಲಿ ಕೂರದೆ ಉಜ್ಜುತ್ತದೆ. ತೀರಾ ದೊಡ್ಡದಾದರೆ ತೂತು ಅಗಲವಾಗಿ ಚರ್ಮದ ಹಿಡಿತವೇ ತಪ್ಪುತ್ತದೆ. ಎರಡರಲ್ಲೂ ಕುಣಿಕೆ ಕೆಡುತ್ತದೆ. ಸಂಶಯವಿದ್ದರೆ ಒಂದು ಮೊಳ ನೂಲಿಗೆ ಸೂಜಿ ಪೋಣಿಸಿ ಓರೆಯಾಗಿ ಎಳೆದು ಹಿಡಿಯಿರಿ. ಸೂಜಿ ತನ್ನ ಭಾರಕ್ಕೇ ಕೆಳಗೆ ಜಾರಬೇಕು. ಮಧ್ಯೆ ನಿಂತರೆ ಒಂದು ನಂಬರ್ ದೊಡ್ಡದು ಹಾಕಿ.

ಮಳೆಗಾಲದ ಒಂದು ಕಾರಣವನ್ನು ನಮ್ಮ ಕರಾವಳಿಯವರು ಗಮನಿಸಲೇಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಜುಲೈಯಲ್ಲಿ ಸೊಲ್ಯೂಷನ್ ಬೇಗ ಒಣಗುವುದೇ ಇಲ್ಲ. ಬೇಸಿಗೆಯ ಲೆಕ್ಕ ಹಿಡಿದು ಅಂಟಿಸಿ ಹೊಲಿಗೆಗೆ ಕೂತರೆ ಒಳಗೆ ಇನ್ನೂ ಹಸಿ. ಸೂಜಿ ಅದನ್ನು ಮೆತ್ತಿಕೊಂಡು ಬರುತ್ತದೆ. ನೂಲು ಸೂಜಿಗೆ ಅಂಟಿಕೊಳ್ಳುತ್ತದೆ, ಉಬ್ಬುವುದಿಲ್ಲ. ಮೊದಲ ಗೇಣು ಹೊಲಿಗೆ ಚೆನ್ನಾಗಿದ್ದು ಆಮೇಲೆ ಬಿಡಲು ಶುರುವಾದರೆ ಸೂಜಿಯನ್ನು ಬೆರಳಿಂದ ಮುಟ್ಟಿ ನೋಡಿ. ಜಿಗುಟು ಇದ್ದರೆ ಇದೇ ಕಾರಣ. ನಾನು ಮಳೆಗಾಲದಲ್ಲಿ ಇಂದು ಅಂಟಿಸಿ ನಾಳೆ ಹೊಲಿಯುತ್ತೇನೆ. ಹೊಲಿಗೆ ಬೀಳುವ ಸಾಲನ್ನು ಬಿಟ್ಟು ಸೊಲ್ಯೂಷನ್ ಹಚ್ಚುತ್ತೇನೆ. ನೂಲು ಸಿಲಿಕಾನ್ ಎಣ್ಣೆಯ ಡಬ್ಬಿಯ ಮೂಲಕ ಬರುವಂತೆ ಇಟ್ಟಿದ್ದೇನೆ. ಇದು ಬಹಳ ಉಪಕಾರ.

ನೂಲಿನ ದಾರಿಯಲ್ಲೂ ಮೂರು ವಿಷಯ ಇದೆ. ರೀಲಿನ ಸ್ಟ್ಯಾಂಡಿನ ಮೇಲಿನ ಕೊಂಡಿ ಸರಿಯಾಗಿ ರೀಲಿನ ನಡುವಿನ ಮೇಲೇ ಇರಬೇಕು. ಪಕ್ಕಕ್ಕೆ ಇದ್ದರೆ ನೂಲು ಗುಂಗುರಾಗಿ ಬರುತ್ತದೆ, ಕುಣಿಕೆ ವಾರೆಯಾಗುತ್ತದೆ. ಮೆಷಿನ್ನಿಗೆ ಬೇಕಾದದ್ದು ಎಡ ಹುರಿಯ ನೂಲು. ಬಲ ಹುರಿಯದ್ದು ಹೊಲಿಯುವಾಗ ಹುರಿ ಬಿಚ್ಚುತ್ತಾ ಹೋಗುತ್ತದೆ. ಇನ್ನೊಂದು, ನೂಲನ್ನು ಬಿಗಿ ಹಿಡಿಯುವ ಟೆನ್ಷನ್ ಪಕ್ಕದ ಸಣ್ಣ ತಂತಿ ಸ್ಪ್ರಿಂಗ್. ಇದನ್ನು ಯಾರೂ ನೋಡುವುದಿಲ್ಲ. ಸೂಜಿ ಇಳಿದು ಕಣ್ಣು ಚರ್ಮಕ್ಕೆ ತಾಗುವ ಹೊತ್ತಿಗೆ ಆ ಸ್ಪ್ರಿಂಗ್ ತನ್ನ ಎಳೆತ ನಿಲ್ಲಿಸಿ ಕೂತಿರಬೇಕು. ಆಮೇಲೂ ಎಳೆಯುತ್ತಿದ್ದರೆ ಹುಟ್ಟಿದ ಕುಣಿಕೆಯನ್ನೇ ಅದು ಕಸಿದುಕೊಳ್ಳುತ್ತದೆ.

ಮೂಲೆಯ ವಿಷಯ ಚಿಕ್ಕದು. ತಿರುಗಿಸುವಾಗ ಸೂಜಿ ಪೂರ್ತಿ ಕೆಳಗೆ ಇಟ್ಟು ಚರ್ಮ ತಿರುಗಿಸಬೇಡಿ. ವೀಲನ್ನು ಇನ್ನೂ ಸ್ವಲ್ಪ ತಿರುಗಿಸಿ, ಸೂಜಿ ಏಳಲು ಶುರುವಾಗಿ ಹುಕ್ಕು ಕುಣಿಕೆ ಹಿಡಿದ ಮೇಲೆ ನಿಲ್ಲಿಸಿ. ಮೊನೆ ಇನ್ನೂ ಚರ್ಮದೊಳಗೇ ಇರುತ್ತದೆ. ಆಗ ತಿರುಗಿಸಿ.

ಇಷ್ಟೆಲ್ಲ ನೋಡಿದ ಮೇಲೆ ಹುಕ್ಕು. ಮಲ್ಪೆ ಕಡಲಿಗೆ ನಾವು ದೂರವೇನಲ್ಲ. ಉಪ್ಪು ಗಾಳಿಗೆ ಹುಕ್ಕಿನ ಮೂತಿಯಲ್ಲಿ ತುಕ್ಕಿನ ಚುಕ್ಕೆ ಬೀಳುತ್ತದೆ. ಉಗುರಿನಿಂದ ಸವರಿದರೆ ತರಿ ಸಿಗುತ್ತದೆ. 1500 ನಂಬರ್ ಪಾಲಿಶ್ ಪೇಪರಿಗೆ ಒಂದು ಹನಿ ಎಣ್ಣೆ ಹಾಕಿ ನಯ ಮಾಡಿ, ಸಾಕು. ಅರ ಹಿಡಿದು ಮೂತಿಯನ್ನು ಗಿಡ್ಡ ಮಾಡಿದರೆ ಹುಕ್ಕು ತಡವಾಗಿ ಬರುತ್ತದೆ, ಮತ್ತೆ ಹೊಸತೇ ಹಾಕಬೇಕು. ಎಣ್ಣೆ ಅಂದರೆ ಮೆಷಿನ್ ಎಣ್ಣೆ. ತೆಂಗಿನೆಣ್ಣೆ ಖಂಡಿತ ಬೇಡ. ಕೈಗೆ ಸಿಗುತ್ತದೆ ಅಂತ ಹಾಕುವವರು ನಮ್ಮ ಕಡೆ ಈಗಲೂ ಇದ್ದಾರೆ. ಅದು ಒಳಗೆ ಅಂಟಾಗಿ ಧೂಳು ಹಿಡಿದು ಹುಕ್ಕು ಬಿಗಿಯಾಗುತ್ತದೆ.

ಟೈಮಿಂಗ್ ನಿಜವಾಗಿ ಹೋಗುವುದು ಸೂಜಿ ಬಕಲ್ಲಿಗೋ ರಿವೆಟ್ಟಿಗೋ ಬಡಿದಾಗ. ಸೂಜಿ ಹಿಡಿಯುವ ಸರಳು ಮೇಲೆ ಜರುಗಿರಬಹುದು, ಅಥವಾ ಹುಕ್ಕು ತಿರುಗಿರಬಹುದು. ಯಾವುದು ಜರುಗಿದೆ ಅಂತ ತಿಳಿಯದೆ ಇನ್ನೊಂದನ್ನು ಸರಿ ಮಾಡಲು ಹೋಗಬೇಡಿ. ಪ್ಲೇಟ್ ತೆಗೆದು, ಹೊಸ ಸೂಜಿ ಹಾಕಿ, ಹೊಲಿಗೆ ಅಳತೆಯನ್ನು ನೀವು ದಿನಾ ಹೊಲಿಯುವ ಅಳತೆಗೇ ಇಡಿ. ಸೂಜಿಯೇ ಮುಂದೆ ಹಿಂದೆ ಸಾಗುವ ಮೆಷಿನ್ನಿನಲ್ಲಿ ಅಳತೆ ಬದಲಾದರೆ ಹುಕ್ಕು ಸಿಗುವ ಜಾಗವೂ ಬದಲಾಗುತ್ತದೆ. ಸೂಜಿ ತಳದಿಂದ ಸ್ವಲ್ಪ ಎದ್ದಾಗ, ವಾಕಿಂಗ್ ಫೂಟಿನಲ್ಲಿ ಸುಮಾರು 2ರಿಂದ 2.5 ಮಿಲಿಮೀಟರ್, ಹುಕ್ಕಿನ ಮೂತಿ ಸೂಜಿಯ ನಡುವೆ, ಕಣ್ಣಿಗಿಂತ ತುಸು ಮೇಲೆ, ತಗ್ಗಿನೊಳಗೆ ಬರಬೇಕು. 441ರಂಥ ಭಾರೀ ಮೆಷಿನ್ನಿಗೆ ಈ ಅಳತೆ ಬೇರೆ. ಅದನ್ನು ಮೆಷಿನ್ನಿನ ಪುಸ್ತಕದಲ್ಲಿ ನೋಡಿಯೇ ಇಡಬೇಕು. ಮೂತಿಗೂ ಸೂಜಿಗೂ ನಡುವೆ ಒಂದು ಕಾಗದದಷ್ಟು, ಅಂದರೆ 0.1 ಮಿಲಿಮೀಟರ್ ಸಂದು. ತಾಗಲೂಬಾರದು. ಸೂಜಿ ಬದಲಾದರೆ ಈ ಸಂದೂ ಬದಲಾಗುತ್ತದೆ. 25ರ ಸೂಜಿಯ ದಪ್ಪ 2 ಮಿಲಿಮೀಟರ್, 23ರದ್ದು 1.6. ದೊಡ್ಡದಕ್ಕೆ ಸೆಟ್ ಮಾಡಿದ ಮೆಷಿನ್ನಿಗೆ ಸಣ್ಣದು ಹಾಕಿದರೆ ಸಂದು ಸುಮಾರು 0.2 ಜಾಸ್ತಿಯಾಯಿತು. ತೆಳು ನೂಲಿನ ಸಣ್ಣ ಕುಣಿಕೆಗೆ ಅಷ್ಟು ಸಾಕು, ತಪ್ಪಿಹೋಗುತ್ತದೆ. ನಾನು ಭಾರೀ ಮೆಷಿನ್ನಿನಲ್ಲಿ ಸಣ್ಣ ಸೂಜಿ ಹಾಕುವುದೇ ಇಲ್ಲ. ತೆಳು ಕೆಲಸಕ್ಕೆ ವಾಕಿಂಗ್ ಫೂಟ್ ಇದೆ.

ಈಗಾಗಲೇ ಬಿಟ್ಟ ಹೊಲಿಗೆ ಇದ್ದರೆ ಬೆಲ್ಟು ಬಿಸಾಡಬೇಕಾಗಿಲ್ಲ. ಬಿಟ್ಟ ಜಾಗದ ಎರಡೂ ಬದಿ ಮೂರು ನಾಲ್ಕು ಹೊಲಿಗೆ ಬಿಚ್ಚಿ, ನೂಲಿನ ತುದಿಗಳನ್ನು ಹಿಂಬದಿಗೆ ಎಳೆದುಕೊಳ್ಳಿ. ತೂತುಗಳು ಹಾಗೇ ಇರುತ್ತವೆ. ಅದೇ ಜಾತಿಯ ನೂಲಿನ ಒಂದು ತುಂಡಿನ ಎರಡು ತುದಿಗೂ ಮೊಂಡು ಸೂಜಿ ಕಟ್ಟಿ, ಅದೇ ತೂತುಗಳಲ್ಲಿ ಎರಡೂ ಬದಿಯಿಂದ ಕೈ ಹೊಲಿಗೆ ಹಾಕಿ. ತುದಿಯನ್ನು 2 ಮಿಲಿಮೀಟರ್ ಬಿಟ್ಟು ಕತ್ತರಿಸಿ, ಲೈಟರ್ ತಾಗಿಸಿ, ಚಮಚದ ಹಿಂಬದಿಯಿಂದ ಒತ್ತಿ. ಮೇಲಿನ ಬದಿಯಲ್ಲಿ ಮೆಷಿನ್ ಹೊಲಿಗೆ ಎಲ್ಲಿ ನಿಂತಿತು, ಕೈ ಹೊಲಿಗೆ ಎಲ್ಲಿ ಶುರುವಾಯಿತು ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ. ಗಟ್ಟಿಯೂ ಇರುತ್ತದೆ.