ಮನೆಯಲ್ಲೇ ಡ್ರೈ ಶಾಂಪೂ: ಹಾಕುವುದು ಸುಲಭ, ತೆಗೆಯುವುದೇ ಕೆಲಸ

ಅಮ್ಮನ ಮಂಡಿ ಆಪರೇಷನ್ ಆಗಿ ಆರು ದಿನ ಆಗಿತ್ತು. ಎದ್ದು ಬಚ್ಚಲಿಗೆ ಹೋಗಿ ತಲೆಸ್ನಾನ ಮಾಡುವ ಹಾಗಿರಲಿಲ್ಲ. ನೋವು, ಮಾತ್ರೆ, ನಿದ್ದೆಗೇಡು ಎಲ್ಲವನ್ನೂ ತಡೆದುಕೊಂಡಿದ್ದ ಅಮ್ಮನಿಗೆ ಇದೊಂದನ್ನು ಮಾತ್ರ ತಡೆಯಲು ಆಗುತ್ತಿರಲಿಲ್ಲ. "ತಲೆ ಅಂಟಂಟು ಆಗಿದೆ ಕಣೇ, ದಿಂಬಿನ ಮೇಲೆ ತಲೆ ಇಡೋಕೇ ಮನಸ್ಸಾಗಲ್ಲ" ಎನ್ನುತ್ತಿದ್ದಳು. ನೀರಿಲ್ಲದೆ ತಲೆಯ ಜಿಡ್ಡು ತೆಗೆಯುವ ಪುಡಿ, ಅಂದರೆ ಡ್ರೈ ಶಾಂಪೂ, ನಾನು ಮೊದಲ ಸಲ ಮಾಡಿದ್ದು ಅವತ್ತೇ.

ಮೊದಲ ಸಲ ಸರಿಯಾಗಲಿಲ್ಲ. ಡಬ್ಬಿಯಿಂದ ನೇರವಾಗಿ ನೆತ್ತಿಗೆ ಸುರಿದುಬಿಟ್ಟೆ. ಬೈತಲೆಯ ಉದ್ದಕ್ಕೂ ಬಿಳಿ ಪಟ್ಟೆ ಕೂತುಬಿಟ್ಟಿತು. ಬಾಚಿ ಬಾಚಿ ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಆಯಿತು, ಅಮ್ಮನಿಗೆ ಸುಸ್ತೂ ಆಯಿತು. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗ ಪುಡಿ ಕಡಿಮೆ ಮಾಡಿದೆ, ಬ್ರಷ್ ಹಿಡಿದೆ. ಆಗ ಅಮ್ಮ ತಲೆ ಸವರಿಕೊಂಡು "ಈಗ ಹಗುರ ಆಯ್ತು" ಅಂದಳು. ಈ ಎರಡು ಸಲದ ನಡುವೆ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪುಡಿ ಏನು ಮಾಡುತ್ತದೆ?

ಪ್ರತಿ ಕೂದಲಿನ ಬುಡದ ಪಕ್ಕದಲ್ಲೂ ಸಣ್ಣ ಎಣ್ಣೆ ಗ್ರಂಥಿ ಇರುತ್ತದೆ. ಅದರಿಂದ ಬರುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಚರ್ಮ ಒಣಗದ ಹಾಗೆ ಕಾಯುವುದು ಇದೇ. ಜಾಸ್ತಿಯಾದಾಗ ಮಾತ್ರ ಕೂದಲು ಒಂದಕ್ಕೊಂದು ಅಂಟಿ ಚಪ್ಪಟೆಯಾಗಿ ಕೂರುತ್ತದೆ. ಕೂದಲು ತೆಳುವಾಗಿದ್ದವರಿಗೆ ಇದು ಬೇಗ ಕಾಣಿಸುತ್ತದೆ.

ಮಾಮೂಲಿ ಶಾಂಪೂ ಈ ಜಿಡ್ಡನ್ನು ಸಡಿಲ ಮಾಡಿ ನೀರಿನ ಜೊತೆ ಕಳಿಸುತ್ತದೆ. ಡ್ರೈ ಶಾಂಪೂ ಕೆಲಸ ಬೇರೆ. ಅದರಲ್ಲಿರುವ ಪಿಷ್ಟದ (ಸ್ಟಾರ್ಚ್) ಕಣಗಳು ಜಿಡ್ಡನ್ನು ಹೀರಿಕೊಳ್ಳುತ್ತವೆ, ಅಷ್ಟೇ. ಕಣ್ಣಾರೆ ನೋಡಬೇಕೆಂದರೆ ಒಂದು ತಟ್ಟೆಗೆ ಒಂದು ಹನಿ ಅಡುಗೆ ಎಣ್ಣೆ ಬಿಡಿ. ಮೇಲೆ ಎರಡು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಐದು ನಿಮಿಷ ಸುಮ್ನೆ ಬಿಡಿ. ಎಣ್ಣೆಯ ಹೊಳಪು ಮಾಯವಾಗಿ ಪುಡಿ ಸ್ವಲ್ಪ ಹಳದಿಯಾಗಿ ಮುದ್ದೆಯಾಗಿರುತ್ತದೆ. ತಲೆಯಲ್ಲಿ ಆಗುವುದೂ ಇದೇ. ಈ ಮುದ್ದೆ ತಾನಾಗಿ ಉದುರಿಹೋಗುವುದಿಲ್ಲ, ನಾವೇ ಬಾಚಿ ತೆಗೆಯಬೇಕು. ಬೆವರಿನ ಉಪ್ಪು, ಧೂಳು, ಸತ್ತ ಚರ್ಮದ ಬಹುಪಾಲು ಮಾತ್ರ ಅಲ್ಲೇ ಉಳಿಯುತ್ತದೆ.

ಉಪಾಯ ಹೊಸದೇನಲ್ಲ. 18ನೇ ಶತಮಾನದಲ್ಲಿ ಯುರೋಪಿನವರು ಕೂದಲಿಗೂ ವಿಗ್ಗಿಗೂ ಪಿಷ್ಟದ ಪುಡಿ ಹಾಕಿಕೊಳ್ಳುತ್ತಿದ್ದರು. ಆ ರೂಢಿ ಎಷ್ಟಿತ್ತೆಂದರೆ ಬ್ರಿಟನ್ 1795ರಲ್ಲಿ ಕೂದಲಿನ ಪುಡಿಗೇ ತೆರಿಗೆ ಹಾಕಿತು.

ಅಂಗಡಿಯ ಸ್ಪ್ರೇ ಡಬ್ಬಿ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಸ್ಪ್ರೇಯಲ್ಲಿ ಪುಡಿಯ ಜೊತೆ ಅದನ್ನು ಹೊರಗೆ ತಳ್ಳುವ ಅನಿಲವೂ ಇರುತ್ತದೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಇಂಥ ಹಲವು ಸ್ಪ್ರೇಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು. ಅವುಗಳಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಸೇರಿರುವ ಸಾಧ್ಯತೆ ಇತ್ತು. ಮನೆಯಲ್ಲಿ ಮಾಡಿದರೆ ಒಳಗೆ ಏನಿದೆ ಎಂದು ನಮಗೇ ಗೊತ್ತಿರುತ್ತದೆ.

ಏನೇನು ಬೇಕು?

ಕಾರ್ನ್‌ಫ್ಲೋರ್ ಅಥವಾ ಆರಾರೂಟ್ ಪುಡಿ 4 ದೊಡ್ಡ ಚಮಚ. ಕಾರ್ನ್‌ಫ್ಲೋರ್ ಅಂದರೆ ಮುಟ್ಟಿದರೆ ರೇಷ್ಮೆಯ ಹಾಗೆ ಜಾರುವ ಬಿಳಿ ಪುಡಿ, ಮೆಕ್ಕೆಜೋಳದ ಹಳದಿ ಹಿಟ್ಟಲ್ಲ. ಎರಡೂ ಸಿಗದಿದ್ದರೆ ಅಕ್ಕಿ ಹಿಟ್ಟಿನಲ್ಲೂ ಆಗುತ್ತದೆ. ಆದರೆ ಮನೆಯ ಅಕ್ಕಿ ಹಿಟ್ಟು ತರಿತರಿಯಾಗಿರುತ್ತದೆ, ತಲೆಯಲ್ಲಿ ಮರಳಿನ ಹಾಗೆ ಸಿಗುತ್ತದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಬಳಸಿ.

ಕೂದಲು ಕಪ್ಪಗಿದ್ದರೆ ಸಕ್ಕರೆ ಇಲ್ಲದ ಕೋಕೋ ಪುಡಿ 2 ದೊಡ್ಡ ಚಮಚ ಸೇರಿಸಿ. ಬಿಳಿ ಪಟ್ಟೆ ಕಾಣದಿರಲು ಇದು ಬೇಕು. ಸಕ್ಕರೆ ಬೆರೆತ ಡ್ರಿಂಕಿಂಗ್ ಚಾಕೊಲೇಟ್ ಬೇಡ, ಅಂಟುತ್ತದೆ. ಕೂದಲು ಬೆಳ್ಳಗಿದ್ದರೆ ಕೋಕೋ ಬೇಕಿಲ್ಲ.

ಜಿಡ್ಡು ತುಂಬಾ ಇದ್ದರೆ 1 ಸಣ್ಣ ಚಮಚ ಮುಲ್ತಾನಿ ಮಿಟ್ಟಿ. ಒಣ ಚರ್ಮದವರು ಇದನ್ನು ಬಿಟ್ಟುಬಿಡಿ.

ಬೇಡವಾದ ವಸ್ತುಗಳ ಬಗ್ಗೆ ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಎಷ್ಟೋ ಕಡೆ ಅಡುಗೆ ಸೋಡಾ ಹಾಕಲು ಹೇಳುತ್ತಾರೆ. ತಲೆಯ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5.5. ಸೋಡಾ ಬೆರೆಸಿದ ನೀರಿನ ಪಿಎಚ್ 8 ದಾಟುತ್ತದೆ. ಬೆವರಿನಲ್ಲಿ ಕರಗಿದ ಸೋಡಾದಿಂದ ಚರ್ಮ ಉರಿಯಬಹುದು, ಕೂದಲು ಒರಟಾಗಬಹುದು. ಜಿಡ್ಡು ಹೀರಲು ಪಿಷ್ಟವೇ ಸಾಕು. ಬಣ್ಣಕ್ಕೆ ಅಂತ ದಾಲ್ಚಿನ್ನಿ ಪುಡಿಯನ್ನೂ ಹಾಕಬೇಡಿ, ಅದರಿಂದ ಚರ್ಮ ಉರಿಯಬಹುದು. ಟಾಲ್ಕಂ ಪೌಡರ್ ಕೂಡ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ವಾಸನೆಗೆ ಬೇಕೆಂದರೆ 2 ಹನಿ ಲ್ಯಾವೆಂಡರ್ ಎಣ್ಣೆ. ಹಾಕದಿದ್ದರೂ ನಡೆಯುತ್ತದೆ. ಮೂರು, ನಾಲ್ಕು ಅಂತ ಹನಿ ಜಾಸ್ತಿ ಮಾಡಬೇಡಿ.

ಮಾಡುವ ವಿಧಾನ

1. ಬಟ್ಟಲು, ಚಮಚ, ಡಬ್ಬಿ ಮೂರೂ ಪೂರ್ತಿ ಒಣಗಿರಲಿ. ಒಂದು ಹನಿ ನೀರಿದ್ದರೂ ಪುಡಿ ಗಂಟಾಗುತ್ತದೆ.

2. ಪುಡಿಗಳನ್ನೆಲ್ಲ ಬೆರೆಸಿ ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಬಣ್ಣ ಎಲ್ಲ ಕಡೆ ಒಂದೇ ಸಮ ಆಗಬೇಕು. ಉರಿಯುವ ಒಲೆ, ದೀಪದ ಹತ್ತಿರ ಈ ಕೆಲಸ ಬೇಡ. ಗಾಳಿಯಲ್ಲಿ ತೇಲುವ ಪಿಷ್ಟದ ಧೂಳಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

3. ಎಣ್ಣೆ ಹಾಕುವುದಾದರೆ ಒಂದು ಚಮಚ ಪುಡಿಯಲ್ಲಿ ಮೊದಲು ಬೆರಳಿನಿಂದ ಉಜ್ಜಿ ಬೆರೆಸಿ. ಆಮೇಲೆ ಅದನ್ನು ಉಳಿದ ಪುಡಿಗೆ ಸೇರಿಸಿ.

4. ಚಿಟಿಕೆ ಪುಡಿಯನ್ನು ಮೊಣಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಏನೂ ಬರದಿದ್ದರೆ ತಲೆಗೆ ಹಾಕಬಹುದು.

ಹಾಕುವುದು, ತೆಗೆಯುವುದು

ಕೂದಲು ಒಣಗಿರಲೇಬೇಕು. ಬೆವರಿನಿಂದ ಒದ್ದೆಯಾದ ತಲೆಗೆ ಹಾಕಿದರೆ ಬಟ್ಟೆಗೆ ಗಂಜಿ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಎಣ್ಣೆ ಹಚ್ಚಿದ ತಲೆಗೂ ಇದು ಆಗುವುದಿಲ್ಲ. ಅಷ್ಟು ಎಣ್ಣೆ ಹೀರಲು ಬೇಕಾಗುವ ಪುಡಿಯನ್ನು ಮತ್ತೆ ಬಾಚಿ ತೆಗೆಯಲು ಸಾಧ್ಯವಿಲ್ಲ.

ಮೊದಲು ಸಿಕ್ಕು ಬಿಡಿಸಿ. ಹೆಗಲಿಗೆ ಒಂದು ಹಳೆಯ ಟವೆಲ್ ಹೊದ್ದುಕೊಳ್ಳಿ, ಕೋಕೋ ಕಲೆ ಮಾಡುತ್ತದೆ. ಭುಜದವರೆಗಿನ ಕೂದಲಿಗೆ ಒಂದು ಸಣ್ಣ ಚಮಚ ಪುಡಿ ಸಾಕು. ಮೇಕಪ್‌ಗೆ ಬಳಸುವ ಅಗಲ ಬ್ರಷ್ಷನ್ನು ಪುಡಿಯಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ತಟ್ಟಿ ಹೆಚ್ಚಿನದನ್ನು ಉದುರಿಸಿ. ಎರಡು ಬೆರಳಿನಷ್ಟು ಅಗಲಕ್ಕೊಂದು ಬೈತಲೆ ತೆಗೆಯುತ್ತಾ ಬುಡಕ್ಕೆ ಮಾತ್ರ ತಾಗಿಸಿ. ಹಣೆಯ ಮೇಲಿನ ಅಂಚು, ನೆತ್ತಿ, ಕಿವಿಯ ಹಿಂಭಾಗ ಇವೇ ಜಿಡ್ಡಿನ ಜಾಗಗಳು. ಕೂದಲಿನ ತುದಿಗೆ ಪುಡಿ ಬೇಡವೇ ಬೇಡ, ಅದು ಮೊದಲೇ ಒಣಗಿರುತ್ತದೆ. ಹಾಕುವಾಗ ಕಣ್ಣು ಮುಚ್ಚಿಕೊಳ್ಳಿ, ಉಸಿರಿಗೆ ಪುಡಿ ಹೋಗದ ಹಾಗೆ ನೋಡಿಕೊಳ್ಳಿ.

ಈಗ ಹತ್ತು ನಿಮಿಷ ಬಿಡಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಪಿಷ್ಟಕ್ಕೆ ಹೀರಲು ಸಮಯ ಬೇಕು ಅಲ್ವಾ? ಆಮೇಲೆ ಉಗುರು ತಾಗಿಸದೆ ಬೆರಳ ತುದಿಯಿಂದ ಒಂದೆರಡು ನಿಮಿಷ ಬುಡವನ್ನು ಮೆಲ್ಲಗೆ ಉಜ್ಜಿ. ತಲೆ ಬಗ್ಗಿಸಿ, ಕೂದಲನ್ನು ಮುಂದೆ ಹಾಕಿಕೊಂಡು ಬುಡದಿಂದ ತುದಿಯವರೆಗೆ ಬಾಚಿ. ನಾಲ್ಕೈದು ಸಲ ಬಾಚಿದ ಮೇಲೆ ಬಾಚಣಿಗೆಯನ್ನು ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಪುಡಿ ಅಂಟುವುದು ನಿಂತಾಗ ಕೆಲಸ ಮುಗಿಯಿತು. ಮಲಗಿರುವವರಿಗೆ ಮಾಡುವುದಾದರೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಅರ್ಧರ್ಧ ಭಾಗವಾಗಿ ಮಾಡಿ. ಅಮ್ಮನಿಗೆ ನಾನು ಹಾಗೇ ಮಾಡಿದ್ದು.

ಯಾರಿಗೆ ಬೇಡ?

ತಲೆಹೊಟ್ಟು, ಗಾಯ, ಗುಳ್ಳೆ, ತುರಿಕೆ ಇದ್ದವರು ಹಾಕಬೇಡಿ. ತಲೆಹೊಟ್ಟಿಗೆ ಕಾರಣವಾಗುವ ಮಲಸೀಸಿಯಾ ಎಂಬ ಶಿಲೀಂಧ್ರ ಬದುಕುವುದೇ ಈ ಜಿಡ್ಡಿನ ಮೇಲೆ. ಜಿಡ್ಡು ಹೀರಿದ ಪುಡಿ ತಲೆಯಲ್ಲೇ ಕೂತರೆ ತೊಂದರೆ ಜಾಸ್ತಿಯಾಗುತ್ತದೆ. ಆಸ್ತಮಾ ಇದ್ದವರಿಗೆ, ಪುಟ್ಟ ಮಕ್ಕಳಿಗೆ ಪುಡಿಯ ಧೂಳು ಒಳ್ಳೆಯದಲ್ಲ. ಕಣ್ಣಿನ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರಿಗೂ ಎರಡು ತಲೆಸ್ನಾನದ ನಡುವೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಕು.

ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಹಾಕಿ, ಬಚ್ಚಲಿನಿಂದ ದೂರ ಇಡಿ. ಡಬ್ಬಿಯ ಮೇಲೆ ಮಾಡಿದ ದಿನಾಂಕ ಬರೆಯಿರಿ. ಗಂಟು ಕಟ್ಟಿದರೆ, ವಾಸನೆ ಬದಲಾದರೆ ಎಸೆದುಬಿಡಿ. ನೀರಿನಲ್ಲಿ ಕಲಸಿ ಸ್ಪ್ರೇ ಬಾಟಲಿಗೆ ತುಂಬುವ ಯೋಚನೆ ಬೇಡ, ಕೆಲವೇ ದಿನಕ್ಕೆ ಹುಳಿ ಬರುತ್ತದೆ.

ತಲೆಸ್ನಾನದ ದಿನ ನೀರು ಹಾಕುವ ಮೊದಲು ಒಣ ಕೂದಲನ್ನೇ ಚೆನ್ನಾಗಿ ಬಾಚಿ. ಆಮೇಲೆ ಬರೀ ನೀರಿನಲ್ಲಿ ಎರಡು ನಿಮಿಷ ಬುಡ ತೊಳೆದು, ನಂತರ ಶಾಂಪೂ ಹಾಕಿ. ಬಾಚಣಿಗೆ, ಬ್ರಷ್ ಎರಡನ್ನೂ ಅವತ್ತೇ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ.