ಕಪ್ಪು ತಲೆ ಹುಳುವಿಗೆ ಗೋನಿಯೋಜಸ್: ಬಿಡುವ ಮುನ್ನ ಗರಿ ಇಳಿಸಿ ನೋಡಿ

ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವನ್ನು ಕೊಲ್ಲುವ ಗೋನಿಯೋಜಸ್ ಕಣಜ ಬಿಟ್ಟರೂ ಹುಳು ಹೋಗಲಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ: ಬಿಟ್ಟ ದಿನ ಗರಿಯಲ್ಲಿ ಹುಳು ಯಾವ ಹಂತದಲ್ಲಿತ್ತು? ಹೆಚ್ಚಿನವರು ನೋಡಿರುವುದೇ ಇಲ್ಲ.

ಇರುವೆಯಂತೆ ಕಾಣುವ ಈ ಕರಿ ಕಣಜಕ್ಕೆ ಬೇಕಾದದ್ದು ಪೊರೆ ಕಳಚುತ್ತ ಬೆಳೆಯುವಾಗಿನ ಮೂರನೇ ಹಂತ ದಾಟಿದ ಹುಳು ಮಾತ್ರ. ಮೊಟ್ಟೆ, ಮರಿಹುಳು, ಕೋಶ, ಪತಂಗ ಯಾವುದೂ ಅದಕ್ಕೆ ಆಗದು. ತಿಪಟೂರು, ಅರಸೀಕೆರೆ ಕಡೆಯ ತೋಟಗಳಲ್ಲಿ ಬಾಧೆ ಜೋರಾದಾಗ ಹುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಪತಂಗ ಹಾರುವ ವಾರದಲ್ಲಿ ಕಣಜ ತಂದರೆ ದುಡ್ಡೂ ಹೋಯಿತು, ಕಣಜವೂ ಹೋಯಿತು.

ಆದ್ದರಿಂದ ತೋಟದ ಬೇರೆ ಬೇರೆ ಮೂಲೆಯ ಐದಾರು ಮರಗಳಿಂದ ಕೆಳಗಿನ ಒಂದೊಂದು ಗರಿ ಇಳಿಸಿ, ಎಸಳಿನ ಅಡಿಭಾಗ ತಿರುಗಿಸಿ ನೋಡುತ್ತೇನೆ. ನೂಲು, ಹಿಕ್ಕೆ ಸೇರಿಸಿ ಹುಳು ಕಟ್ಟಿಕೊಂಡ ಕಂದು ಕೊಳವೆ ಅಲ್ಲಿರುತ್ತದೆ. ಕಡ್ಡಿಯಿಂದ ಸೀಳಿದರೆ ಒಳಗೆ ಕಪ್ಪು ತಲೆಯ, ಮೈಯುದ್ದಕ್ಕೂ ಕಂದು ಗೆರೆಯಿರುವ ಹಸಿರು ಹುಳು. ಪೂರ್ತಿ ಬೆಳೆದದ್ದು ಸುಮಾರು ಒಂದೂವರೆ ಸೆಂ.ಮೀ. ಇರುತ್ತದೆ. ಬಹುಪಾಲು ಹುಳುಗಳು ಅದರ ಅರ್ಧದಷ್ಟಾದರೂ ಇದ್ದರೆ ತಡ ಮಾಡುವುದಿಲ್ಲ. ಕೋಶಗಳೇ ಹೆಚ್ಚು ಕಂಡರೆ ಸುಮಾರು ಒಂದು ತಿಂಗಳು ತಡೆದು ಮತ್ತೆ ಗರಿ ಇಳಿಸಬೇಕು. ಅಷ್ಟರಲ್ಲಿ ಮುಂದಿನ ಪೀಳಿಗೆ ತಕ್ಕ ಗಾತ್ರಕ್ಕೆ ಬಂದಿರುತ್ತದೆ. ಪ್ರಯೋಗಾಲಯದಲ್ಲಿ ಕಣಜಗಳನ್ನು ಅಕ್ಕಿ ಪತಂಗದ ಹುಳುವಿನ ಮೇಲೆ ಸಾಕುವುದರಿಂದ ಕೇಳಿದ ದಿನವೇ ಸಿಗುವುದಿಲ್ಲ. ಈ ತಡೆಯುವ ಅವಧಿಯಲ್ಲೇ ಬೇಡಿಕೆ ಕೊಟ್ಟಿಡಿ.

ಪ್ರಮಾಣ ಮರಕ್ಕೆ 20 ಕಣಜ, 15 ದಿನಕ್ಕೊಮ್ಮೆ, ನಾಲ್ಕು ಸಲ. ಎಕರೆಗೆ 70 ಮರವಿದ್ದರೆ ಒಂದು ಸಲಕ್ಕೆ 1400. ಒಂದೇ ಸಲ ಬಿಟ್ಟು ಕೈ ತೊಳೆದುಕೊಂಡರೆ ಉಳಿದ ಹುಳು ಪತಂಗವಾಗಿ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ.

ಕಣಜ ಕೋಶದಿಂದ ಹೊರಬಿದ್ದ ಕೂಡಲೇ ಬಿಡಬಾರದು. ಎರಡು-ಮೂರು ದಿನ ಕಣಜ ತಂದ ಕೊಳವೆಯಲ್ಲೇ ಇಟ್ಟು ಜೋಡಿಯಾಗಲು ಬಿಡಬೇಕು, ಜೇನುತುಪ್ಪ ಸವರಿದ ಕಾಗದದ ಚೂರು ಒಳಗಿಡಬೇಕು. ಜೇನು ತೆಳುವಾಗಿರಲಿ. ಹನಿ ದಪ್ಪವಾದರೆ ರೆಕ್ಕೆ ಅಂಟಿ ಸಾಯುತ್ತವೆ. ಹುಳು ತಿಂದ ಎಸಳಿನ ಚೂರೊಂದನ್ನು ಹಿಕ್ಕೆಯ ಸಮೇತ ಹಾಕಿಟ್ಟರೆ ಆ ವಾಸನೆಗೆ ಪಳಗಿ, ತೋಟದಲ್ಲಿ ಹುಳುವನ್ನು ಬೇಗ ಹುಡುಕುತ್ತವೆ. ಸಾಗಿಸುವಾಗ ನೆರಳು, ತಂಪು ಮುಖ್ಯ. ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ ಕೊಳವೆ ಬಿಟ್ಟರೆ ಒಂದೂ ಉಳಿಯದು.

ಸಂಜೆ ಬಿಸಿಲಿಳಿದ ಮೇಲೆ ಬಿಡುತ್ತೇನೆ, ಮಳೆಯ ಸೂಚನೆ ಇದ್ದರೆ ಮುಂದೂಡುತ್ತೇನೆ. ಮರ ಹತ್ತಬೇಕಾಗಿಲ್ಲ. ಕೈಗೆಟಕುವ ಎತ್ತರದಲ್ಲಿ ಕಾಂಡಕ್ಕೆ ಕೊಳವೆಯ ಬಾಯಿ ತಾಗಿಸಿ ಮೆಲ್ಲಗೆ ತಟ್ಟಿದರೆ ಅವು ತಾವೇ ಮೇಲೇರುತ್ತವೆ. ಕಾಂಡದ ಮೇಲೆ ಇರುವೆ ಸಾಲು ಇದ್ದರೆ ಮಾತ್ರ ಆ ಮಗ್ಗುಲು ಬಿಟ್ಟು ಇನ್ನೊಂದು ಕಡೆಯಿಂದ ಬಿಡಿ. ಈ ಎರಡು ತಿಂಗಳು ತೋಟದಲ್ಲಿ ಕೀಟನಾಶಕ ಸಿಂಪಡಣೆ ಬೇಡವೇ ಬೇಡ. ಅದು ಹುಳುವಿಗಿಂತ ಮೊದಲು ಕಣಜವನ್ನೇ ಮುಗಿಸುತ್ತದೆ.

ತೀರಾ ಒಣಗಿದ ಕೆಳಗಿನ ಎರಡು-ಮೂರು ಗರಿ ಕಡಿದು ಸುಡುವುದಿದ್ದರೆ ಮೊದಲ ಬಿಡುಗಡೆಗೆ ಮುನ್ನವೇ ಮುಗಿಸಿ. ಆಮೇಲೆ ಕಡಿದರೆ ಕಣಜದ ಸಂತತಿಯನ್ನೇ ಸುಟ್ಟ ಹಾಗೆ. ಬಾಧಿತ ಗರಿಯನ್ನು ಚಪ್ಪರಕ್ಕೆಂದು ಬೇರೆ ಊರಿಗೆ ಕಳಿಸುವುದೂ ಬೇಡ, ಹುಳು ಜೊತೆಗೇ ಹೋಗುತ್ತದೆ.

ಕೆಲಸ ಆಗುತ್ತಿದೆಯೇ ಎಂದು ಎರಡನೇ ಬಿಡುಗಡೆಯ ಹೊತ್ತಿಗೆ ಗೊತ್ತಾಗುತ್ತದೆ. ಹೆಣ್ಣು ಕಣಜ ಹುಳುವಿಗೆ ಕುಟುಕಿ ನಿಶ್ಚಲ ಮಾಡಿ, ಮೈಮೇಲೆ ಮೊಟ್ಟೆ ಸಾಲಾಗಿ ಅಂಟಿಸಿ, ಮರಿಗಳು ಬೆಳೆಯುವವರೆಗೆ ಪಕ್ಕದಲ್ಲೇ ಕಾಯುತ್ತದೆ. ಗರಿಯಲ್ಲಿನ ಹುಳುವಿನ ಕೊಳವೆ ಸೀಳಿದಾಗ ಸುಕ್ಕುಗಟ್ಟಿದ ಹುಳುವಿನ ಪಕ್ಕ ಪುಟ್ಟ ಗೂಡುಗಳ ಗೊಂಚಲು ಕಂಡರೆ ಕಣಜ ನೆಲೆಯೂರಿದೆ ಎಂದರ್ಥ. ಸುಟ್ಟಂತಾದ ಗರಿ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಬೇಸರಪಡಬೇಡಿ. ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ. ಹೊಸ ಮೂರ್ನಾಲ್ಕು ಗರಿ ಹಸಿರಾಗಿಯೇ ನಿಂತರೆ ಹುಳು ಹತೋಟಿಗೆ ಬಂದಿದೆ. ಪಕ್ಕದ ತೋಟದವರೂ ಅದೇ ವಾರ ಬಿಡುವಂತೆ ಮಾತಾಡಿಕೊಳ್ಳಿ, ಪತಂಗಕ್ಕೆ ಬೇಲಿ ಅಡ್ಡಿಯಲ್ಲ.